ಹಳೇಬೀಡಿನ ಹೊಳೆಯುವ ಕಂಬಗಳ ತ್ರೀಡಿ ಮಾಡೆಲ್

ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಆನೆಸಾಲು, ಹಲವು ಫೋಟೋಗಳಿಂದ ತ್ರೀಡಿ ಮಾಡೆಲ್ ಕಟ್ಟುವ ಫೋಟೋಗ್ರಾಮೆಟ್ರಿಗೆ ಹೇಳಿಮಾಡಿಸಿದಂತಿದೆ: ಮೋಡದ ದಿನ, ಒಂದು ಫೋಟೋದ ಶೇ. 70–80 ಭಾಗ ಮುಂದಿನದರಲ್ಲೂ ಬರುವಂತೆ, ಮೂರು ಎತ್ತರಗಳಿಂದ ತೆಗೆದರೆ ಆಯಿತು. ಕಷ್ಟವೆಲ್ಲ ಒಳಗಿನ, ತಿರುಗಿಸಿ ಕಡೆದ ಕಂಬಗಳದ್ದು. ನಯಗೊಳಿಸಿದ ಬಳಪದ ಕಲ್ಲು. ಕ್ಯಾಮೆರಾ ಸರಿದಂತೆ ಹೊಳಪೂ ಸರಿಯುತ್ತದೆ. ಸಾಫ್ಟ್‌ವೇರ್ ಆ ಹೊಳಪನ್ನೇ ಕಲ್ಲಿನ ಗುರುತೆಂದು ಹಿಡಿದು, ಕಂಬದ ದುಂಡನೆಯ ಬಳೆಗಳ ಮೇಲೆ ಇಲ್ಲದ ಗುಳಿ, ಉಬ್ಬು ಮೂಡಿಸುತ್ತದೆ.

ಹೊಳಪು ಮುಚ್ಚಲು ಕಾರ್ಖಾನೆಗಳಲ್ಲಿ ಬಳಸುವ ಬಿಳಿ ಪುಡಿಯ ಸ್ಪ್ರೇ ಈ ಕಲ್ಲಿಗೆ ಖಂಡಿತ ಬೇಡ. ಫ್ಲ್ಯಾಶ್‌ಗೊಂದು, ಲೆನ್ಸ್‌ಗೊಂದು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿ, ಒಂದಕ್ಕೊಂದು 90 ಡಿಗ್ರಿ ತಿರುಗಿಸಿದರೆ ಹೊಳಪು ಬಹುಪಾಲು ಅಳಿಯುತ್ತದೆ. ಬೆಳಕೂ ಕುಗ್ಗುವುದರಿಂದ ಟ್ರೈಪಾಡ್ ಬೇಕು. ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಸುತ್ತಲೂ 10 ಡಿಗ್ರಿಗೊಂದರಂತೆ 36 ಫೋಟೋ. ಬುಡದಲ್ಲಿ ಎರಡು ಸ್ಕೇಲ್ ಬಾರ್ (ಉದ್ದ ಗೊತ್ತಿರುವ ಪಟ್ಟಿ): ಒಂದು ಅಳತೆ ಕೊಡಲು, ಇನ್ನೊಂದು ತಾಳೆ ನೋಡಲು.