ಟನ್ ಎಷ್ಟಾತು?

"ಟನ್ ಎಷ್ಟಾತು ಅನ್ನೂದು ಮೊದಲ ಹೇಳ್ರಿ ಅಣ್ಣಾರ."

"ಟನ್ ತಗೊಂಡು ಏನ್ ಮಾಡ್ತಿ? ಬಾಕಿ ಮೂವತ್ತೊಂದು ಸಾವಿರ ಐತಿ. ಅದನ್ನ ಹೆಂಗ ತೀರಸ್ತೀರಿ ಹೇಳು."

ಮಹಾರಾಷ್ಟ್ರದಲ್ಲಿ ಕಬ್ಬು ಕಡಿದು ಮರಳಿದ ಗ್ಯಾಂಗಿನ ಲೆಕ್ಕ ಈ ವಾರ ವಿಜಯಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ನಡೆಯಿತು. ಗಂಡನೊಡನೆ ಕಬ್ಬು ಕಡಿದು ಬಂದ ಒಬ್ಬ ಹೆಂಗಸು ತಾವು ಕಡಿದದ್ದು ಎಷ್ಟು ಟನ್ ಎಂದು ಮೂರು ಸಲ ಕೇಳಿದಳು, ಗ್ಯಾಂಗ್ ಕಟ್ಟಿ ಕರೆದೊಯ್ಯುವ ಮುಕಾದಮ ಮೂರು ಸಲವೂ ಮುಂಗಡದ ಬಾಕಿ ಹೇಳಿದ. ಗಂಡ ತಲೆ ಎತ್ತಲಿಲ್ಲ.

ಆಕೆ ಕೇಳಿದ್ದೇ ಸರಿಯಾದ ಪ್ರಶ್ನೆ. ಈ ಕೆಲಸದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಲೆಕ್ಕಕ್ಕೆ ಒಂದು ಜೋಡಿ. ಗಂಡ ಬುಡಕ್ಕೆ ಕಡಿದು ಹಾಕುತ್ತಾನೆ. ರವದಿ (ಕಬ್ಬಿನ ಗರಿ) ಸುಲಿಯುವುದು, ಹೊರೆ ಕಟ್ಟುವುದು, ತಲೆ ಮೇಲೆ ಹೊತ್ತು ಹಲಗೆ ಹತ್ತಿ ಟ್ರೇಲರ್ ತುಂಬುವುದು ಹೆಚ್ಚಾಗಿ ಹೆಂಡತಿಯ ಪಾಲು. ಗಾಡಿ ರಾತ್ರಿ ಎರಡಕ್ಕೆ ಬಂದರೂ ಎದ್ದು ತುಂಬಬೇಕು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಗಂಡನ ಹೆಸರೊಂದೇ ಇರುತ್ತದೆ.

ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಕಡಿಯುವ ಕೂಲಿ ಶೇ 34ರಷ್ಟು ಏರಿ ಟನ್ನಿಗೆ 366 ರೂಪಾಯಿ ಆಯಿತು. ಜೋಡಿ ದಿನಕ್ಕೆ ಎರಡು ಟನ್ ಕಡಿದರೆ 732 ರೂಪಾಯಿ. ಹಂಗಾಮು ಐದು ತಿಂಗಳೆಂದರೂ ಅಷ್ಟೂ ದಿನ ಕಡಿಯಲು ಆಗುವುದಿಲ್ಲ. ಮಳೆಯಾದರೆ ಹೊಲದೊಳಗೆ ಗಾಡಿ ಇಳಿಯುವುದಿಲ್ಲ. ಕಾರ್ಖಾನೆಯಲ್ಲಿ ಗಾಣ ನಿಂತರೆ ಗೇಟಿನ ಮುಂದೆ ಪಾಳಿ ಬೆಳೆದು ಖಾಲಿ ಟ್ರ್ಯಾಕ್ಟರ್ ಹೊಲಕ್ಕೆ ಬರುವುದೇ ಇಲ್ಲ. ಆ ದಿನಗಳಿಗೆ ಕೂಲಿ ಇಲ್ಲ, ಹೊಟ್ಟೆಗೆ ಮಾತ್ರ ಬೇಕೇ ಬೇಕು. 110 ದಿನ ಕೆಲಸ ಸಿಕ್ಕಿತು ಅನ್ನಿ: 220 ಟನ್, 80,520 ರೂಪಾಯಿ. ಉಚಲ, ಅಂದರೆ ಮುಂಗಡ, ಒಂದು ಲಕ್ಷ ಪಡೆದಿದ್ದರೆ ಯಾರೂ ಮೋಸ ಮಾಡದಿದ್ದರೂ 19,480 ಬಾಕಿ. ಮೇಲೆ ವಾರದ ಖರ್ಚಿಗೆ ಪಡೆದದ್ದು, ಜ್ವರ ಬಂದು ಮಲಗಿದ ದಿನದ ದಂಡ. ಇಷ್ಟರ ನಡುವೆ ಹತ್ತು ಟನ್ ಕಡಿಮೆ ಬರೆದರೆ 3,660 ರೂಪಾಯಿ ಸದ್ದಿಲ್ಲದೆ ಹೋಯಿತು. ಅದಕ್ಕೇ ಟನ್ ಕೇಳಿದರೆ ಬಾಕಿಯ ಉತ್ತರ ಬರುತ್ತದೆ.

ಟನ್ ಗೊತ್ತಾಗದ ವಸ್ತುವೇನಲ್ಲ. ಕಾರ್ಖಾನೆಯ ತೂಕದ ಕಾಟಾದ ಮೇಲೆ ತುಂಬಿದ ಗಾಡಿ ತೂಗುತ್ತಾರೆ, ಇಳಿಸಿದ ಮೇಲೆ ಖಾಲಿ ಗಾಡಿ ತೂಗುತ್ತಾರೆ, ವ್ಯತ್ಯಾಸವೇ ಕಬ್ಬು. ಆ ಒಂದೇ ತೂಕದ ಮೇಲೆ ರೈತನ ಬಿಲ್ಲು, ಗಾಡಿಯ ಬಾಡಿಗೆ, ಗ್ಯಾಂಗಿನ ಕೂಲಿ ಮೂರೂ ನಿಲ್ಲುತ್ತವೆ. ರೈತನಿಗೆ ಚೀಟಿ ಸಿಗುತ್ತದೆ, ಗಾಡಿಯವನಿಗೆ ಸಿಗುತ್ತದೆ. ಕಡಿದವಳ ಕೈಗೆ ಬರುವುದಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ಕುಳಿತಾಗ ನಾಡೆಲ್ಲ ಕಬ್ಬಿನ ದರ ಮಾತಾಡಿತು. ಆ ಹೋರಾಟ ನ್ಯಾಯದ್ದೇ. ಆದರೆ ಅದೇ ಟನ್ನಿನಲ್ಲಿ ಕಡಿದವರ ಕೂಲಿ ಎಷ್ಟೆಂದು ಆಗ ಕೇಳಿದವರು ಎಷ್ಟು ಮಂದಿ?

ಮುಕಾದಮನನ್ನು ರಾಕ್ಷಸ ಅನ್ನಲಾರೆ. ಅವನೂ ತಾಂಡಾದವನೇ. ಗ್ಯಾಂಗ್ ಅರ್ಧಕ್ಕೆ ಎದ್ದು ಹೋದರೆ ಉಚಲದ ಹಣಕ್ಕೆ ಮೇಲಿನವರು ಅವನ ಮನೆ ಬಾಗಿಲಿಗೇ ಬರುತ್ತಾರೆ. ಆದರೆ ಅವನ ಕಮಿಷನ್ ಕೂಲಿಯ ಮೇಲೆ ಬೇರೆಯಾಗಿ ಸಿಗುತ್ತದೆ. ಹಾಗಿದ್ದೂ ಆಕೆಯ ಟನ್ನನ್ನು ಮುಚ್ಚಿಡುವುದು ಅನ್ಯಾಯ. ಆ ಹೊತ್ತಿಗೆ ಸುತ್ತ ನಿಂತು "ಇರಲಿ ಬಿಡವಾ, ಮುಂದಿನ ವರ್ಷ ತೀರತೈತಿ" ಅಂದ ಹಿರಿಯರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮುಂದಿನ ವರ್ಷದ ದುಡಿಮೆಯನ್ನು ಇಂದೇ ಬರೆದು ಕೊಟ್ಟಂತಾಯಿತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೂಲಿ ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಕೊಡುವವನದು, ದುಡಿದವಳದಲ್ಲ. ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆಯ ಮಾಲೀಕರೇ ಹೊಣೆ. ದೂರು ಕೊಡಲು ಮೂರು ವರ್ಷದ ಅವಕಾಶವಿದೆ. ಬಾಕಿಯ ಹೆಸರಲ್ಲಿ ಬೇರೆಲ್ಲೂ ಕೆಲಸಕ್ಕೆ ಹೋಗದಂತೆ ಹಿಡಿದಿಟ್ಟರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಸೇರುತ್ತದೆ, ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಅರ್ಜಿ ಕೊಡಬಹುದು. ಅಂಥ ಸಾಲ ಜೀತದ ಸಾಲವಲ್ಲವೆಂದು ಸಾಬೀತು ಮಾಡಬೇಕಾದವನೂ ಕೊಟ್ಟವನೇ.

ಅರ್ಜಿಗೆ ಬಲ ಬರುವುದು ಹೊಲದಲ್ಲಿ. ಗಾಡಿ ತುಂಬಿದ ತಾರೀಖು, ಗಾಡಿ ನಂಬರು, ರೈತನ ಹೆಸರು, ಆ ದಿನ ಕಡಿದ ಕೊಯ್ತಾ ಎಷ್ಟು, ಇಷ್ಟನ್ನು ಶಾಲೆಗೆ ಹೋದ ಮಗಳು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ಕಾಟಾ ಚೀಟಿಯ ಫೋಟೊವನ್ನು ಡ್ರೈವರನ ಮೊಬೈಲಿನಿಂದಲೋ ರೈತನಿಂದಲೋ ಅದೇ ದಿನ ತರಿಸಿಕೊಳ್ಳಬೇಕು; ಹಂಗಾಮು ಮುಗಿದ ಮೇಲೆ ಯಾರ ಹತ್ತಿರವೂ ಇರುವುದಿಲ್ಲ. ಉಚಲ ಪಡೆಯುವಾಗ ಖಾಲಿ ಬಾಂಡಿಗೆ ಹೆಬ್ಬೆಟ್ಟು ಒತ್ತಬಾರದು. ಮೊತ್ತ, ಟನ್ನಿನ ದರ, ಇಬ್ಬರ ಹೆಸರು ಬರೆಸಿ, ಒಂದು ಪ್ರತಿ ಆಕೆಯ ಹತ್ತಿರವೇ ಇರಬೇಕು.