ಎತ್ತು ಏಳುವ ರೀತಿ

ನಾನು ನಮ್ಮೂರ ಹಾಲಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವನು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೆಲಸ. ನಡುವೆ ಸಿಗುವ ಹೊತ್ತಿನಲ್ಲಿ ಚಿತ್ರ ಬರೆಯುತ್ತೇನೆ. ದನ, ಕುರಿ, ಕೊಟ್ಟಿಗೆ, ಹುಲ್ಲಿನ ಮೆದೆ, ಇವೇ. ನಮ್ಮದು ದೊಡ್ಡಬಳ್ಳಾಪುರದ ಕಡೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನೋಡಿದ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳು ಇನ್ನೂ ಕಣ್ಣಲ್ಲೇ ಇವೆ.

ಮೂರು ವರ್ಷದ ಹಿಂದೆ ಮೊದಲ ದೊಡ್ಡ ಆರ್ಡರ್ ಬಂತು. ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದವರು ಜೋಡೆತ್ತಿನ ಚಿತ್ರ ಕೇಳಿದ್ದರು. ಬೆಳಗಿನ ಜಾವ, ಒಂದು ಎತ್ತು ನಿಂತಿದೆ, ಇನ್ನೊಂದು ಆಗಷ್ಟೇ ಏಳುತ್ತಿದೆ. ಹಾಗೆ ಬರೆಯಲು ಕೂತೆ. ಹಳ್ಳಿಕಾರ್ ಮೈಯ ಬೂದು ಬಣ್ಣ ಕಪ್ಪಿನಿಂದ ಬರಲ್ಲ, ಮಸಿ ಮೆತ್ತಿದ ಹಾಗಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ಜೀವ ಇರುವ ಬೂದು ಸಿಗುತ್ತದೆ. 15 ದಿನ ಅದರಲ್ಲೇ ಮುಳುಗಿದ್ದೆ.

ಒಂದು ಸಂಜೆ, ಹಾಲು ಹಾಕಲು ಬಂದ ಅಜ್ಜಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಚೆನ್ನಾಗೈತೆ ಕಣಪ್ಪ. ಆದ್ರೆ ಇದು ಕುದುರೆ ಎದ್ದಂಗೆ ಏಳ್ತಾ ಐತಲ್ಲ?"

ನನಗೆ ಅರ್ಥ ಆಗಲಿಲ್ಲ. "ಬೆಳಿಗ್ಗೆ ಹಾಲು ಕರೆಯೋ ಹೊತ್ಗೆ ಕೊಟ್ಟಿಗೆ ತಾವ ಬಾ" ಅಂದರು.

ಐದು ಗಂಟೆಗೇ ಹೋದೆ. ಹಸು ಮಲಗಿ ಮೆಲುಕು ಹಾಕುತ್ತಿತ್ತು. ಅಜ್ಜಿ ಬೆನ್ನು ತಟ್ಟಿದರು. ಹಸು ಕತ್ತನ್ನು ಮುಂದಕ್ಕೆ ಚಾಚಿತು, ಭಾರವೆಲ್ಲ ಮುಂದಿನ ಮಂಡಿಗಳ ಮೇಲೆ ಬಿತ್ತು. ಹಿಂಭಾಗ ಮೊದಲು ಮೇಲೆದ್ದಿತು. ಒಂದು ಗಳಿಗೆ ಮಂಡಿಯೂರಿಕೊಂಡೇ ಇತ್ತು. ಆಮೇಲೆ ಒಂದು ಮುಂಗಾಲು, ಅದರ ಹಿಂದೆ ಇನ್ನೊಂದು.

"ನೋಡ್ದಾ? ಭೂಮ್ತಾಯಿಗೆ ಅಡ್ಡಬಿದ್ದೇ ಏಳೋದು."

ಕುದುರೆ ಇದಕ್ಕೆ ಉಲ್ಟಾ. ಮೊದಲು ಮುಂಗಾಲು ಊರಿ, ಆಮೇಲೆ ಹಿಂಭಾಗ ಎತ್ತುತ್ತದೆ. ನಾನು ಕೈ ಪಳಗಿಸಿಕೊಂಡದ್ದು ಕುದುರೆಗಳ ಚಿತ್ರ ನಕಲು ಮಾಡಿ. ದನಗಳ ನಡುವೆಯೇ ಬೆಳೆದೆ, ಆದರೆ ಅವು ಏಳುವುದನ್ನು ನಿಂತು ನೋಡಿರಲಿಲ್ಲ. ಅವತ್ತು ಮನಸ್ಸಿಗೆ ತುಂಬಾ ನಾಟಿತು.

ಜಲವರ್ಣ ಅಲ್ವಾ, ಅಳಿಸಿ ತಿದ್ದುವ ಹಾಗಿಲ್ಲ. ಆರ್ಡರ್ ಕೊಟ್ಟವರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿ ಇನ್ನಷ್ಟು ದಿನ ಕೇಳಿದೆ. ಒಪ್ಪಿದರು. ಹೊಸ ಹಾಳೆಯಲ್ಲಿ ಎತ್ತು ಮಂಡಿಯೂರಿ ಎದ್ದಿತು.

ಆಮೇಲಿಂದ ಪೆನ್ಸಿಲ್ ಸ್ಕೆಚ್ ಮೊದಲು ಡೇರಿಗೆ ಹೋಗುತ್ತದೆ. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಾರೆ. ಗಂಗೆದೊಗಲು, ಅಂದರೆ ಕತ್ತಿನ ಕೆಳಗಿನ ತೊಗಲು, ಇಷ್ಟು ಜೋತುಬಿದ್ದರೆ ಹಳ್ಳಿಕಾರ್ ಅಲ್ಲ ಅನ್ನುತ್ತಾರೆ. ಕೊಂಬು ಬುಡದಲ್ಲಿ ಇನ್ನೂ ಹತ್ತಿರ ಇರಲಿ, ಹಿಂದಕ್ಕೆ ಹೋಗಿ ತುದಿ ಮುಂದಕ್ಕೆ ಬಾಗಲಿ ಅನ್ನುತ್ತಾರೆ. ಅಲ್ಲೇ ತಿದ್ದುತ್ತೇನೆ. ಅವರೆಲ್ಲ ಸರಿ ಅಂದ ಮೇಲೇ ಬಣ್ಣ.

ಕಳೆದ ವಾರ ಕುರಿಮಂದೆಯ ಸ್ಕೆಚ್ ಒಯ್ದಿದ್ದೆ. ಕುರಿ ಕಾಯುವ ಹುಡುಗ ಬಗ್ಗಿ ನೋಡಿದ. "ಅಣ್ಣ, ಇದು ಮೇಕೆ ಬಾಲ. ಮೇಕೆದು ಮೇಲಕ್ಕೆ ಎತ್ಕೊಂಡಿರ್ತದೆ, ಕುರಿದು ಕೆಳಗೆ ಜೋತಿರ್ತದೆ."

ರಬ್ಬರ್ ಜೇಬಿನಲ್ಲೇ ಇತ್ತು.