ಹಾಯಿದೋಣಿ ಏರುವ ಮುನ್ನ

ಮಳೆಗಾಲ ಕಳೆದ ಮೇಲೆ ಕಾರವಾರದಿಂದ ಹಾಯಿದೋಣಿಯಲ್ಲಿ ಹೊರಡಲಿರುವ ತಂಗಿಯ ಮಗನೊಂದಿಗೆ, ಚಿತ್ರದುರ್ಗದ ನಮ್ಮ ಮನೆಯಲ್ಲಿ ಉಬ್ಬರವಿಳಿತದ ಪಟ್ಟಿ ಓದುತ್ತಿದ್ದೇನೆ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚುವುದರಿಂದ, ಇಳಿತದ ಸೆಳೆತಕ್ಕೆ ಎದುರುಗಾಳಿ ಸಿಕ್ಕರೆ ಅಳಿವೆಯ ಬಾಯಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಗಾಳಿ ಬಲಿಯುವ ಮೊದಲೇ ಹಾಯಿಯನ್ನು ಕಿರಿದುಗೊಳಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಯಾರಾದರೂ ನೀರಿಗೆ ಬೀಳುವ ಸಂದರ್ಭ. ಕೂಡಲೇ ಕೂಗಿ, ತೇಲುವ ರಿಂಗ್ ಎಸೆದು, ಜಿಪಿಎಸ್‌ನಲ್ಲಿ ಜಾಗವನ್ನು ಗುರುತಿಸಬೇಕು. ಒಬ್ಬನಂತೂ ಬೇರಾವ ಕೆಲಸಕ್ಕೂ ಕೈಹಾಕದೆ, ಬಿದ್ದವನತ್ತ ಚಾಚಿದ ಕೈಯನ್ನು ಇಳಿಸದೆ ನಿಂತಿರಬೇಕು, ಏಕೆಂದರೆ ಅಲೆಗಳ ನಡುವೆ ತಲೆಯೊಂದು ಕಣ್ತಪ್ಪಲು ಕ್ಷಣ ಸಾಕು. ಪ್ರಾಣಾಪಾಯವಿದ್ದರೆ ದೋಣಿಗಳಲ್ಲಿ ಮಾತುಕತೆಗೆ ಬಳಸುವ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ‘ಮೇಡೇ’ ಎಂಬ ಆಪತ್ಕರೆಯನ್ನು ಮೂರು ಬಾರಿ ಕೂಗಿ, ದೋಣಿಯ ಹೆಸರು, ಸ್ಥಳ, ಜನರ ಸಂಖ್ಯೆಯನ್ನು ತಿಳಿಸಬೇಕು.